ಡ್ರಮ್ಸ್ ಇಲ್ಲ ಎಂದು ನಾನು ದೂರಿಲ್ಲ

ಇವರಿಗೆ,
ಗ್ರಾಹಕ ಸೇವಾ ವಿಭಾಗ

ವಿಷಯ: ಗೀರು ಬಿದ್ದ ಸಿಡಿ ಬದಲಾಯಿಸಿ ಕೊಡುವ ಬಗ್ಗೆ

ಮಾನ್ಯರೇ,

ಇಂಗ್ಲೆಂಡಿನ ರಾಕ್ ಗಾಯಕ ಪೀಟರ್ ಹ್ಯಾಮಿಲ್ ಅವರ ‘ಟಿಪಿಕಲ್’ ಎಂಬ ಎರಡು ಸಿಡಿಗಳ ಲೈವ್ ಆಲ್ಬಂ ಅನ್ನು ನಿಮ್ಮಲ್ಲಿಂದ ತರಿಸಿದ್ದೆ. ಕಳೆದ ತಿಂಗಳು 12ಕ್ಕೆ ಬದಿಯಡ್ಕದ ನಮ್ಮ ಮನೆಗೆ ಬಂತು. ಎರಡನೇ ಸಿಡಿ ಹಾಳಾಗಿದೆ. ಅಂದೇ ಸಂಜೆ ಫೋಟೋ ಸಮೇತ ದೂರು ಕೊಟ್ಟೆ. ಮೂರು ದಿನ ಕಳೆದು ನಿಮ್ಮ ಉತ್ತರ ಬಂತು: ಈ ರೆಕಾರ್ಡಿಂಗ್‌ನಲ್ಲಿ ಡ್ರಮ್ಸ್, ಬೇಸ್ ಗಿಟಾರ್ ಇರುವುದಿಲ್ಲ, ಅದು ದೋಷವಲ್ಲ, ದೂರು ಮುಕ್ತಾಯ.

ಡ್ರಮ್ಸ್ ಇಲ್ಲ ಅಂತ ನಾನು ಯಾವಾಗ ಹೇಳಿದೆ? ಇಲ್ಲ ಅಂತ ಗೊತ್ತಿದ್ದೇ ತರಿಸಿದ್ದು. ವ್ಯಾನ್ ಡರ್ ಗ್ರಾಫ್ ಜನರೇಟರ್ ಎಂಬ ರಾಕ್ ತಂಡದಲ್ಲಿ ಆರ್ಗನ್, ಸ್ಯಾಕ್ಸೋಫೋನ್, ಡ್ರಮ್ಸ್‌ಗಳ ಅಬ್ಬರದ ನಡುವೆ ಹಾಡಿದ ಮನುಷ್ಯ ಈ ಹ್ಯಾಮಿಲ್. 1992ರ ಕಛೇರಿಗಳಲ್ಲಿ ಒಬ್ಬರೇ, ಒಮ್ಮೆ ಪಿಯಾನೋ ಒಮ್ಮೆ ಗಿಟಾರ್ ಇಟ್ಟುಕೊಂಡು ಹಾಡಿದ್ದು ಇದರಲ್ಲಿದೆ. ಹೊರಬಂದದ್ದು 1999ರಲ್ಲಿ. ಪಿಸುಮಾತಿನಲ್ಲಿದ್ದ ದನಿ ಒಮ್ಮೆಲೇ ಆರ್ಭಟಕ್ಕೆ ಏರುತ್ತದೆ, ಜೊತೆಗೆ ಆತುಕೊಳ್ಳಲು ಯಾರೂ ಇಲ್ಲ. ಅದನ್ನು ಕೇಳಲೆಂದೇ ದುಡ್ಡು ಕೊಟ್ಟಿದ್ದೇನೆ.

ನಮ್ಮ ಕಡೆ ತಾಳಮದ್ದಳೆ ಅಂತ ಇದೆ, ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ. ವೇಷ ಇಲ್ಲ, ಕುಣಿತ ಇಲ್ಲ ಅಂತ ಅದನ್ನು ಯಾರೂ ಅರ್ಧ ಆಟ ಅನ್ನುವುದಿಲ್ಲ. ಆದರೆ ಪಾತ್ರದ ಮಾತು ಹೇಳುವ ಅರ್ಥಧಾರಿ ಮಾತಾಡುವಾಗ ಒಂದು ಮೊಬೈಲ್ ಹೊಡೆದುಕೊಂಡರೆ ಇಡೀ ಸಭೆ ತಿರುಗಿ ನೋಡುತ್ತದೆ, ಅಲ್ವಾ? ಈ ಸಿಡಿಯದ್ದೂ ಅದೇ ಕಥೆ. ಕೊನೆಯ ಮೂರು ಹಾಡುಗಳಲ್ಲಿ ಟಕ್ ಟಕ್ ಸದ್ದು. ನಡುನಡುವೆ ದನಿಯೇ ನಿಂತುಹೋಗುತ್ತದೆ. ಕಟ್ಟಕಡೆಯ ಹಾಡಂತೂ ಒಂದು ಅರ್ಧ ಪದಕ್ಕೆ ಸಿಕ್ಕಿಕೊಂಡು ಅಲ್ಲೇ ಕುಳಿತುಬಿಡುತ್ತದೆ.

ಪೆಟ್ಟಿಗೆ ತೆರೆದಾಗಲೇ ಸಿಡಿಯನ್ನು ಹಿಡಿದಿಡುವ ನಡುವಿನ ಹಲ್ಲುಗಳು ಮುರಿದು ಚೂರಾಗಿದ್ದವು. ಆ ಚೂರುಗಳ ಮೇಲೆ ಸಿಡಿ ದಾರಿಯುದ್ದಕ್ಕೂ ಉಜ್ಜಿಕೊಂಡು ಬಂದಿದೆ. ಅಂಚಿನ ಹತ್ತಿರ ಬಳೆಯ ಹಾಗೆ ಗೀರು ಸುತ್ತಿಕೊಂಡಿದೆ. ಸಿಡಿ ಓದುವುದು ಒಳಗಿನಿಂದ ಹೊರಕ್ಕೆ, ಅದಕ್ಕೇ ಕೊನೆಯ ಹಾಡುಗಳಿಗೇ ಪೆಟ್ಟು. ನಡುವಿನಿಂದ ಅಂಚಿಗೆ ನೇರ ಬಿದ್ದ ಸಣ್ಣ ಗೀರಾದರೆ ಪ್ಲೇಯರ್ ಹೇಗೋ ಸರಿದೂಗಿಸುತ್ತದೆ. ಸುತ್ತಲೂ ಬಿದ್ದರೆ ಆಗುವುದಿಲ್ಲ. ನನ್ನ ಪ್ಲೇಯರ್ ಮೇಲೆ ಹಾಕಬೇಡಿ. ಗೆಳೆಯರ ಮನೆಯಲ್ಲೂ, ಕಾರಿನಲ್ಲೂ ಹಾಕಿ ನೋಡಿದ್ದೇನೆ. ಬಬಲ್ ಕವರ್ ಸುತ್ತಿ ಕಳಿಸುತ್ತೇವೆ ಅಂದವರು ಬರೀ ತೆಳು ಪ್ಲಾಸ್ಟಿಕ್ಕಿನಲ್ಲಿ ಹಾಕಿದ್ದೀರಿ, ಅದೂ ಈ ಮಳೆಗಾಲದಲ್ಲಿ.

ಡ್ರಮ್ಸಿನ ಮಾತು ಎಲ್ಲಿಂದ ಬಂತು ಅಂತ ನನಗೊಂದು ಅಂದಾಜಿದೆ. ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಕನ್ನಡ ಆರಿಸಿದೆ. 671ರಿಂದ ಶುರುವಾಗುವ ಕೇರಳದ ಪಿನ್ ಕೋಡ್ ಹೇಳಿದ ಕೂಡಲೇ ಮಲಯಾಳಂ ಮಾತಾಡುವವರಿಗೆ ದಾಟಿಸಿದರು. ನನಗೆ ಮಲಯಾಳಂ ಬರುತ್ತದೆ, ಅವರೂ ಒಳ್ಳೆಯ ಮಾತಿನವರೇ. ಆದರೆ ‘ನಡುವೆ ಸದ್ದು ನಿಲ್ಲುತ್ತದೆ’ ಎಂದದ್ದು ಕೈ ದಾಟಿ ದಾಟಿ ‘ವಾದ್ಯಗಳ ಸದ್ದಿಲ್ಲ’ ಎಂದಾಗಿರಬೇಕು. ಕಾಸರಗೋಡಿನಲ್ಲಿ ಕನ್ನಡದವರೂ ಇದ್ದೇವೆ ಮಾರಾಯ್ರೇ.

ಒಳ್ಳೆಯ ಸಿಡಿ ಕಳಿಸಿ, ಇಲ್ಲವೇ ಕೊಟ್ಟ 2,150 ರೂಪಾಯಿ ಪೂರ್ತಿ ವಾಪಸ್ ಮಾಡಿ. 200 ರೂಪಾಯಿಯ ಕೂಪನ್ ಬೇಡ. ಹಾಳಾದದ್ದನ್ನು ನಿಮ್ಮವರೇ ಬಂದು ಒಯ್ಯಲಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರನ್ನು ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಗಡುವು ಈ 12ಕ್ಕೆ ಮುಗಿಯುತ್ತದೆ. 13ರ ಬೆಳಿಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ.

ಇತಿ,
ನಿಮ್ಮ ಗ್ರಾಹಕ
ಬದಿಯಡ್ಕ, ಕಾಸರಗೋಡು ಜಿಲ್ಲೆ