ಕಿವಿ ಕೇಳದ ಮಕ್ಕಳಿಗೂ ಬೇಕು ಸಂಗೀತ
ಶ್ರವಣದೋಷವುಳ್ಳ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶಬ್ದವನ್ನು ವಿದ್ಯುತ್ ಸಂಕೇತವಾಗಿಸಿ ಶ್ರವಣ ನರಕ್ಕೆ ಮುಟ್ಟಿಸುವ, ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಸಾಧನ) ಅಳವಡಿಸಿದರೆ ಕೆಲಸ ಮುಗಿಯುವುದಿಲ್ಲ. ಆಲಿಸಲು ಕಲಿಸುವ ತರಬೇತಿಯಲ್ಲಿ ಸಂಗೀತಕ್ಕೂ ಜಾಗ ಸಿಗಬೇಕು.

ಸಹಜ ಕಿವಿಯಲ್ಲಿ ಶಬ್ದವನ್ನು ನರಕ್ಕೆ ದಾಟಿಸುವ ಸುಮಾರು 3,500 ಒಳ ರೋಮಕೋಶಗಳು ಮಾಡುವ ಕೆಲಸವನ್ನು ಈ ಸಾಧನದಲ್ಲಿ ಸಾಮಾನ್ಯವಾಗಿ 12ರಿಂದ 22 ವಿದ್ಯುದಗ್ರಗಳು (ಎಲೆಕ್ಟ್ರೋಡ್‌ಗಳು) ಮಾಡಬೇಕಾಗುತ್ತದೆ. ಹೀಗಾಗಿ ಮಗುವಿಗೆ ತಾಳ ಚೆನ್ನಾಗಿಯೇ ಸಿಗುತ್ತದೆ, ಸ್ವರದ ಏರಿಳಿತ ಜಾರಿಹೋಗುತ್ತದೆ. ಆಡಿದ್ದು ಪ್ರಶ್ನೆಯೋ ಉತ್ತರವೋ, ಸಿಟ್ಟೋ ಮುದ್ದೋ ಎಂಬುದು ಬಹುಪಾಲು ತಿಳಿಯುವುದು ಆ ಏರಿಳಿತದಿಂದಲೇ. ಸಂಗೀತ ಅಭ್ಯಾಸದಿಂದ ಇಂಥ ಮಕ್ಕಳ ಸ್ವರಗ್ರಹಣ ಸುಧಾರಿಸಿದ್ದನ್ನು ಹಲವು ಅಧ್ಯಯನಗಳು ಕಂಡಿವೆ. ಗದ್ದಲದ ನಡುವೆ ಮಾತು ಗ್ರಹಿಸುವುದರಲ್ಲಿ ಮಾತ್ರ ಫಲಿತಾಂಶ ಮಿಶ್ರವಾಗಿದೆ.

ಕಿವುಡು ಮಗುವಿಗೆ ಸಂಗೀತವೇ ಎಂದು ನಗುವವರಿದ್ದಾರೆ. ನಾನೂ ಒಮ್ಮೆ ನಕ್ಕವನೇ. ಆದರೆ ಅಂಗವೈಕಲ್ಯವಿರುವ ಮಕ್ಕಳ ಬದುಕನ್ನು ಸಂಗೀತ ಬದಲಿಸಬಲ್ಲದು ಎಂಬುದಕ್ಕೆ ಸಾಕ್ಷಿಯಾಗಿ, ಅಂಧ ಮಕ್ಕಳಿಗೆ ಸಂಗೀತದ ಮೂಲಕ ಬದುಕು ಕೊಟ್ಟ ವೀರೇಶ್ವರ ಪುಣ್ಯಾಶ್ರಮ ಇಲ್ಲೇ ಪಕ್ಕದ ಗದಗಿನಲ್ಲಿದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಸಂಗೀತ ಶಿಕ್ಷಕರಿಗೆ ಬರವಿಲ್ಲ. ವಾಕ್-ಶ್ರವಣ ಚಿಕಿತ್ಸಾ ಕೇಂದ್ರಗಳು ಅವರನ್ನು ವಾರಕ್ಕೆರಡು ದಿನ ಕರೆಸಿ, ಶ್ರವಣ ತಜ್ಞರ ಜತೆಗೂಡಿ, ಚಪ್ಪಾಳೆ-ತಾಳದಿಂದ ಆರಂಭಿಸಿ ಹಾರ್ಮೋನಿಯಂ ಸ್ವರಕ್ಕೆ ಸಾಗುವ ತರಗತಿ ನಡೆಸಲಿ. ಶಿಕ್ಷಕರ ಗೌರವಧನವನ್ನು ಮಹಾನಗರ ಪಾಲಿಕೆ ಭರಿಸಲಿ.

– ಒಬ್ಬ ಪಾಲಕ, ಸಪ್ತಾಪುರ, ಧಾರವಾಡ