ಬೀಸುವ ಕಲ್ಲಿನ ಗುಂಡಿಯಿಂದ, ಗೆಳೆಯನಿಗೆ

ಗೆಳೆಯಾ,

ಕೊಡೆ ತಗೊಂಡು ಹೋಗಿದ್ದೀಯಾ ಅಂತ ಕೇಳಿದ್ದೆಯಲ್ಲ, ಹೌದು, ತಂದಿದ್ದೇನೆ. ಎರಡನೆಯದು.

ನಿನ್ನೆ ಐರ್ಲೆಂಡಿನ ಕ್ಲೇರ್ ಕೌಂಟಿಯಲ್ಲಿ ಪೌಲ್ನಬ್ರೋನ್ ಅನ್ನುವ ಪುರಾತನ ಕಲ್ಲಿನ ರಚನೆ ನೋಡಿದೆ. ಅದು ಇರೋದು ಬರೆನ್ ಅನ್ನುವ ಸುಣ್ಣಕಲ್ಲಿನ ಬಯಲಿನಲ್ಲಿ. ಕಣ್ಣು ಹಾಯುವಷ್ಟು ದೂರ ಬಿರುಕು ಬಿಟ್ಟ ಬೂದು ಬಂಡೆ, ಬಿರುಕಿನೊಳಗೆ ಹುಲ್ಲು. ನಡುವೆ ನೆಟ್ಟ ಕಲ್ಲುಗಳ ಮೇಲೆ ಒಂದು ದೊಡ್ಡ ಚಪ್ಪಡಿ, ಓರೆಯಾಗಿ. ಹೆಸರಿಗೆ ದುಃಖದ ಗುಂಡಿ ಅಂತ ಅರ್ಥ ಹೇಳುವವರು ಜಾಸ್ತಿ. ಸರಿಯಾದ ಅರ್ಥ ಬೀಸುವ ಕಲ್ಲಿನ ಗುಂಡಿ. ಐರಿಷ್‌ನಲ್ಲಿ ಎರಡೂ ಹತ್ತಿರದ ಪದಗಳು.

ಇಂಥ ಕಲ್ಲುಗಳನ್ನು ಅಲ್ಲಿನ ಹಳ್ಳಿಗರು ಡಿಯರ್ಮುಡ್ ಮತ್ತು ಗ್ರೋನ್ಯಾರ ಹಾಸಿಗೆ ಅಂತಾರೆ. ಅಲ್ಲಿನ ಹಳೇ ಕಥೆಯಲ್ಲಿ, ಮುದಿ ವೀರ ಫಿನ್‌ನನ್ನು ಮದುವೆಯಾಗಬೇಕಿದ್ದ ಗ್ರೋನ್ಯಾ, ಔತಣದ ರಾತ್ರಿಯೇ ಡಿಯರ್ಮುಡ್ ಜೊತೆ ಓಡಿಹೋದಳು. ಫಿನ್ ಬೆನ್ನು ಹತ್ತಿದ. ಒಂದೇ ಕಡೆ ಎರಡು ರಾತ್ರಿ ಮಲಗುವಂತಿಲ್ಲ. ಹಾಗಾಗಿ ಊರೂರಲ್ಲಿ ಒಂದೊಂದು ಹಾಸಿಗೆ! ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲೂ ಇಂಥ ಗೋರಿಗಳನ್ನೇ ಮೋರ್ಯರ ಮನೆ ಅಂತಾರೆ, ಅಲ್ವಾ? ಗೋರಿ ಅನ್ನೋಕೆ ಯಾರಿಗೂ ಬಾಯಿ ಬರೋದಿಲ್ಲ.

ಇದೂ ಗೋರಿಯೇ. ನೆಟ್ಟ ಕಲ್ಲೊಂದು ಬಿರಿದಿತ್ತು. ಅದನ್ನು ಸರಿಮಾಡುವಾಗ, 1986ರಲ್ಲಿ, ಪುರಾತತ್ವಜ್ಞೆ ಆನ್ ಲಿಂಚ್ ಅಲ್ಲಿ ಅಗೆಸಿದರು. 30ಕ್ಕೂ ಹೆಚ್ಚು ಜನರ ಮೂಳೆ ಸಿಕ್ಕವು. ಅವರಲ್ಲೊಂದು ಗಂಡು ಕೂಸು. ಸುಮಾರು 5,500 ವರ್ಷ ಹಿಂದಿನದು. ಅದಕ್ಕೆ ಡೌನ್ ಸಿಂಡ್ರೋಮ್, ಅಂದರೆ ಬುದ್ಧಿ ಬೆಳವಣಿಗೆ ನಿಧಾನವಾಗುವ ಹುಟ್ಟಿನಿಂದಲೇ ಬರುವ ಸ್ಥಿತಿ, ಇತ್ತು ಅಂತ 2020ರಲ್ಲಿ ಡಿಎನ್‌ಎಯಿಂದ ಗೊತ್ತಾಯಿತು. ಎದೆಹಾಲು ಕುಡಿದು ಬೆಳೆದಿತ್ತು ಅಂತಲೂ, ಇನ್ನೊಂದು ಪರೀಕ್ಷೆಯಿಂದ. ದೊಡ್ಡವರ ಜೊತೆಗೇ, ಅದೇ ಚಪ್ಪಡಿಯ ಕೆಳಗೆ ಮಲಗಿಸಿದ್ದರು.

ಅದನ್ನು ಓದಿ ಅಲ್ಲೇ ಕೂತುಬಿಟ್ಟೆ ಕಣೋ. ನನ್ನ ಮದುವೆ ಫೋಟೋಗಳಲ್ಲಿ ತಮ್ಮ ಪುಟ್ಟ ಯಾಕಿಲ್ಲ ಅಂತ ನೀನು ಕೇಳಿದ್ದೆ. ಜ್ವರ ಅಂದಿದ್ದೆ. ಜ್ವರ ಇರಲಿಲ್ಲ. ಹೊಸ ಅಂಗಿ ಹಾಕಿಕೊಂಡು ರೆಡಿಯಾಗಿ ನಿಂತಿದ್ದ. ಬೀಗರು ಏನಂದುಕೊಳ್ಳುತ್ತಾರೋ ಅಂತ ನಾನೇ ಅವನನ್ನು ಸೋದರತ್ತೆಯ ಮನೆಗೆ ಕಳಿಸಿದೆ. ಅಮ್ಮ ಅವತ್ತು ಊಟ ಮಾಡಲಿಲ್ಲ. ಸಂಜೆ ಅವನು ಲಾಡು ಕೇಳಿದ, ಅಷ್ಟೇ. ಒಂದು ಮಾತೂ ಅನ್ನಲಿಲ್ಲ.

ಇದನ್ನು ಇಲ್ಲಿ ಬರೆಯಬೇಕು ಅಂತ ಕೂತಿರಲಿಲ್ಲ.

ಇರಲಿ, ಮಳೆ ಶುರುವಾಯಿತು. ಪುಟ್ಟನಿಗೆ ಕುರಿಯ ಚಿತ್ರ ಇರೋ ಸ್ವೆಟರ್ ತಗೊಂಡಿದ್ದೇನೆ. ಬಂದ ದಿನವೇ ನಾವಿಬ್ಬರೂ ನಿಲ್ಲುತ್ತೇವೆ, ಫೋಟೋ ನೀನೇ ತೆಗೆಯಬೇಕು. ಹೆಬ್ಬೆರಳು ಅಡ್ಡ ಇಡಬೇಡ, ಈ ಸಲವಾದರೂ.