ಹೆಣ್ಣು ಬಳ್ಳಿ ಕಟಿಂಗ್ ಅಂತ ದುಡ್ಡು ತಗೊಂಡು ಬೀಜದ ಸಸಿ ಕಳ್ಸಿದ್ದೀರಿ – ಮಡಹಾಗಲ ಆರ್ಡರ್ ಬಗ್ಗೆ ದೂರು

ನರ್ಸರಿ ಕಂಪನಿಯ ಕಸ್ಟಮರ್ ಕೇರ್ ವಿಭಾಗದವರಿಗೆ,

ನಮಸ್ಕಾರ. ನಾನು ಮಂಡ್ಯ ಜಿಲ್ಲೆ ಪಾಂಡವಪುರ ತಾಲೂಕಿನವಳು. ಮೇ ಕೊನೇಲಿ ನಿಮ್ಮ ಕ್ಯಾಟಲಾಗ್ ನೋಡಿ ಫೋನಲ್ಲೇ 60 ಮಡಹಾಗಲ ಸಸಿ ಆರ್ಡರ್ ಮಾಡಿದ್ದೆ. ಸಸಿಗೆ 85 ರೂಪಾಯಿ ಲೆಕ್ಕದಲ್ಲಿ 5100, ಕೊರಿಯರ್ 640, ಒಟ್ಟು 5740 ಮುಂಚಿತವಾಗೇ ಕಳ್ಸಿದ್ದೀನಿ, ಸ್ಕ್ರೀನ್‌ಶಾಟ್ ಈ ಪತ್ರದ ಜೊತೆ ಇದೆ. ಕ್ಯಾಟಲಾಗಲ್ಲಿ ಬರ್ದಿದ್ದು ಹೀಗೆ: "ಆಯ್ದ ಹೆಣ್ಣು ತಾಯಿ ಬಳ್ಳಿಯ ಕಟಿಂಗ್‌ನಿಂದ ಬೆಳೆಸಿದ್ದು, ನೂರಕ್ಕೆ ನೂರು ಹೆಣ್ಣು ಗಿಡ." ನಾನು ಬೇರೆ ನರ್ಸರಿ ಬಿಟ್ಟು ನಿಮ್ಮ ಹತ್ರ ಬಂದಿದ್ದೇ ಆ ಒಂದು ಸಾಲು ನೋಡಿ.

ನನ್ನ ತವರು ಸಕಲೇಶಪುರದ ಕಡೆ, ಅಲ್ಲಿ ಮಳೆಗಾಲ ಅಂದ್ರೆ ಬೇಲಿ ಮೇಲೆ ಮಡಹಾಗಲ ಹಬ್ಬಿರೋದು, ಅಮ್ಮ ಅಕ್ಕಿ ರೊಟ್ಟಿ ತಟ್ಟಿ ಜೊತೆಗೆ ಆ ಪಲ್ಯ ಮಾಡಿದ್ರೆ ನಾವು ಮಕ್ಕಳು ಬೇರೇನೂ ಕೇಳ್ತಿರ್ಲಿಲ್ಲ. ಹಾಗಲಕಾಯಿ ತರ ಕಹಿ ಇಲ್ಲ, ಮೈಮೇಲೆ ಮೆತ್ತಗಿನ ಮುಳ್ಳು ಅಷ್ಟೆ. ಮದುವೆ ಆಗಿ ಇಲ್ಲಿಗೆ ಬಂದ ಮೇಲೆ ಸುತ್ತ ಕಬ್ಬು ಭತ್ತ ಬಿಟ್ರೆ ಬೇರೆ ಇಲ್ಲ, ಇದನ್ನ ಕೇಳಿದ್ರೆ ಅದೇನು ಕಾಯಿ ಅಂತಿದ್ರು. ಈಗ ಮೈಸೂರಲ್ಲಿ ಗಿರಾಕಿ ಇದಾರೆ, ಹಾಸನ ಕೊಡಗಿನ ಕಡೆಯಿಂದ ಬಂದು ಸೆಟಲ್ ಆಗಿರೋರು ಹುಡ್ಕೊಂಡು ತಗೋತಾರೆ, ಅದಕ್ಕೇ ಕಬ್ಬಿನ ಪಕ್ಕ ಇದ್ದ 5 ಗುಂಟೆಲಿ ಚಪ್ಪರ ಹಾಕೋಣ ಅಂತ ನಾನೂ ನಮ್ಮತ್ತೆನೂ ಹೊರಟಿದ್ದು. ನೀಲಗಿರಿ ಗಳ, ತಂತಿ, ಬಲೆ, ಡ್ರಿಪ್ ಎಲ್ಲಾ ಸೇರಿ 38 ಸಾವಿರ ಆಯ್ತು. ಚಪ್ಪರದ ದುಡ್ಡು ನಿಮ್ಮನ್ನ ಕೇಳ್ತಿಲ್ಲ, ಅದು ಮುಂದಿನ ವರ್ಷಕ್ಕೂ ಬರುತ್ತೆ.

ಈ ಬಳ್ಳೀಲಿ ಗಂಡು ಬೇರೆ ಹೆಣ್ಣು ಬೇರೆ, ಪರಂಗಿ ತರನೇ. ಕಾಯಿ ಬಿಡೋದು ಹೆಣ್ಣು ಮಾತ್ರ, ಪರಾಗಕ್ಕೆ ಎಂಟ್ಹತ್ತು ಹೆಣ್ಣಿಗೆ ಒಂದು ಗಂಡಿದ್ರೆ ಸಾಕು. ಅದಕ್ಕೇ ನಿಮ್ಮವರೇ 54 ಹೆಣ್ಣು, 6 ಗಂಡು ತಗೊಳ್ಳಿ ಅಂದ್ರು, ಗಂಡಿಗೆ ನೀಲಿ ಟ್ಯಾಗ್ ಕಟ್ಟಿ ಕಳ್ಸಿದ್ರು. ಜೂನ್ ಮೊದಲ ವಾರ ನೆಟ್ವಿ. 5 ಸಸಿ ಹೋದ್ವು, ಎಲ್ಲಾ ಹೆಣ್ಣು ಅಂತ ಬಂದಿದ್ದವೇ, ಅದರ ಬಗ್ಗೆ ತಕರಾರಿಲ್ಲ, ಕೊರಿಯರಲ್ಲಿ ಬಂದ ಸಸಿ ಅಷ್ಟು ಹೋಗೋದು ಇದ್ದದ್ದೇ.

ಆಗಸ್ಟ್ ಎರಡನೇ ವಾರ ಹೂ ಬಿಡೋಕೆ ಶುರು ಆಯ್ತು. ಬೆಳಗ್ಗೆ ಬೆಳಗ್ಗೆನೇ ಅರಳೋ ಹೂವು, ಆರು ಗಂಟೆಗೆಲ್ಲ ಗಂಡು ಹೂವು ಕಿತ್ಕೊಂಡು ಹೋಗಿ ಹೆಣ್ಣು ಹೂವಿಗೆ ಮುಟ್ಟಿಸ್ಬೇಕು, ಇಲ್ಲಾಂದ್ರೆ ಕಾಯಿ ಕಚ್ಚೋದು ಕಷ್ಟ. ನಮ್ಮತ್ತೆ ಒಂದು ಸಾಲು ಪೂರ್ತಿ ಹೋಗಿ ವಾಪಸ್ ಬಂದು "ಇದೇನವ್ವಾ, ಬರೀ ಹೂವೇ ಬುಡ್ತಾವೆ, ಒಂದ್ರಲ್ಲೂ ಹೀಚೇ ಇಲ್ವಲ್ಲ" ಅಂದ್ರು. ಹೋಗಿ ನೋಡಿದ್ರೆ ಹೂವಿನ ಕೆಳಗೆ ಮುಳ್ಳು ಮುಳ್ಳು ಪುಟ್ಟ ಹೀಚಿಲ್ಲ, ಮೊಗ್ಗಿನ ಕೆಳಗೆ ಎಲೆ ತರದ ಒಂದು ಬಟ್ಟಲು ಇದೆ ನೋಡಿ, ಅದೇ ಇದೆ. ಗಂಡು ಹೂವು ಅಂತ ಗುರುತಿಸೋಕೆ ಅಷ್ಟು ಸಾಕು. ಒಂದು ವಾರ ಕಾದು ಎಲ್ಲಾ ಬಳ್ಳಿಗೂ ದಾರ ಕಟ್ಟಿ ಎಣಿಸಿದ್ವಿ. ಹೆಣ್ಣು ಅಂತ ಕಳ್ಸಿ ಉಳಿದ 49ರಲ್ಲಿ 27 ಗಂಡು, 22 ಹೆಣ್ಣು. ನೀಲಿ ಟ್ಯಾಗಿನ 6 ಗಂಡಲ್ಲಿ 2 ಹೆಣ್ಣು! ಅಂದ್ರೆ ನಿಮಗೇ ಯಾವುದು ಏನು ಅಂತ ಗೊತ್ತಿರ್ಲಿಲ್ಲ, ಸುಮ್ನೆ ಟ್ಯಾಗ್ ಕಟ್ಟಿದ್ದೀರಿ. ಪ್ರತಿ ಬಳ್ಳಿದೂ ನಂಬರ್ ಹಾಕಿ ಫೋಟೋ ತೆಗ್ದಿದ್ದೀನಿ.

ನಿಮಗೆ ಫೋನ್ ಮಾಡಿದಾಗ ಮೊದಲನೇ ಸಲ ಸಿಕ್ಕವರು, ಮಂಡ್ಯ ಬಿಸಿಲು ಜಾಸ್ತಿ ಮೇಡಂ, ಹೆಣ್ಣು ಗಿಡನೇ ಬಿಸಿಲಿಗೆ ಗಂಡಾಗಿದೆ ಅಂದ್ರು. ಇದನ್ನ ನಾನು ಒಪ್ಪಲ್ಲ. ಸೌತೆ ಬಳ್ಳೀಲಿ ಬಿಸಿಲು ಜಾಸ್ತಿ ಆದ್ರೆ ಗಂಡು ಹೂವು ಜಾಸ್ತಿ ಆಗೋದು ನಿಜ, ಯಾಕಂದ್ರೆ ಸೌತೇಲಿ ಒಂದೇ ಬಳ್ಳೀಲಿ ಎರಡೂ ಹೂವು ಇರುತ್ತೆ. ಮಡಹಾಗಲದ್ದು ಹಾಗಲ್ಲ, ಬಳ್ಳಿ ಬಳ್ಳಿನೇ ಬೇರೆ. ಹೆಣ್ಣು ಬಳ್ಳಿ ತುಂಡು ನೆಟ್ರೆ ಅದೇ ಬಳ್ಳಿ ಇನ್ನೊಂದು ಜಾಗದಲ್ಲಿ ಬೆಳೀತಿದೆ ಅಂತ ಅರ್ಥ, ಗಡ್ಡೆ ಕಿತ್ತು ನೆಟ್ರೂ ಅಷ್ಟೆ. ನಮ್ಮಮ್ಮ ಓದಿದ್ದು ನಾಲ್ಕನೇ ಕ್ಲಾಸು, ಆದ್ರೂ ಕಾಯಿ ಬಿಟ್ಟ ಬಳ್ಳಿ ಬುಡಕ್ಕೆ ಗುರುತಿಗೆ ಕಲ್ಲಿಟ್ಟು ಅದರ ಗಡ್ಡೆನೇ ನೆಂಟರಿಗೆ ಕೊಡೋರು, ಒಂದೂ ಗಂಡಾಗಿದ್ದು ನಾನು ಕಂಡಿಲ್ಲ.

ಎರಡನೇ ಸಲ ನಿಮ್ಮ ಟೆಕ್ನಿಕಲ್ ಅವರು ಲೈನಿಗೆ ಬಂದ್ರು. ಆ ಕಾಲ್ ರೆಕಾರ್ಡಿಂಗ್ ನನ್ನ ಹತ್ರ ಇದೆ. ಅವರು ಹೇಳಿದ್ದು, ಇವು ಕಟಿಂಗ್ ಅಲ್ಲ ಮೇಡಂ, ತಾಯಿ ಬಳ್ಳಿಗೆ ಔಷಧಿ ಹೊಡ್ದು ತಯಾರು ಮಾಡಿದ ಹೆಣ್ಣು ಬೀಜದ ಸಸಿ, ನೂರಕ್ಕೆ ಸ್ವಲ್ಪ ಆಚೀಚೆ ಆಗುತ್ತೆ ಅಂತ. ಕಟಿಂಗ್ ಅಂತ ದುಡ್ಡು ತಗೊಂಡು ಬೀಜದ್ದು ಅಂತ ಅಲ್ಲೇ ಒಪ್ಕೊಂಡಂಗಾಯ್ತು. ಆಮೇಲೆ ನೆನಪಾಯ್ತು, ನೆಡೋ ದಿನ ಮೂರ್ನಾಲ್ಕು ಪ್ಯಾಕೆಟ್ ಬಿಚ್ಚಿದಾಗ ಬೇರಿನ ಹತ್ರ ಬೀಜದ ಕಪ್ಪು ಓಡು ಅಂಟ್ಕೊಂಡಿತ್ತು, ನನ್ನ ಮಗಳು ಆಟಕ್ಕೆ ತೆಗ್ದ ಫೋಟೋಲಿ ಅದು ಕಾಣ್ತಿದೆ. ಕಟಿಂಗ್ ಗಿಡಕ್ಕೆ ಬೀಜದ ಓಡು ಎಲ್ಲಿಂದ ಬರುತ್ತೆ ಹೇಳಿ.

ಸರಿ, ಹೆಣ್ಣು ಬೀಜ ಅನ್ನೋ ಮಾತನ್ನೇ ನೋಡೋಣ. ಆ ವಿದ್ಯೆ ಇರೋದು ಸುಳ್ಳಲ್ಲ, ನಾನು ಓದಿ ತಿಳ್ಕೊಂಡೆ. ಸೌತೆ ಜಾತಿಯ ಗಿಡಗಳಲ್ಲಿ ಎಥಿಲೀನ್ ಅನ್ನೋ ಅನಿಲ ಹೆಣ್ಣು ಹೂವಿಗೆ ದಾರಿ ಮಾಡುತ್ತೆ, ಬೆಳ್ಳಿಯ ಲವಣ ಹೊಡೆದ್ರೆ ಎಥಿಲೀನ್ ಕೆಲಸ ನಿಲ್ಲುತ್ತೆ, ಹೆಣ್ಣು ಬಳ್ಳಿ ಹೂವಲ್ಲೇ ಕೇಸರ ಮೂಡಿ ಪರಾಗ ಬರುತ್ತೆ. ಆ ಪರಾಗ ಇನ್ನೊಂದು ಹೆಣ್ಣಿಗೆ ಹಾಕಿ ಬೀಜ ಕಟ್ಟಿಸಿದ್ರೆ ಅಪ್ಪನೂ ಹೆಣ್ಣು ಅಮ್ಮನೂ ಹೆಣ್ಣು, ಗಂಡಿನ ಅಂಶ ಬರೋಕೆ ಜಾಗನೇ ಇಲ್ಲ. ಬರೀ ಹೆಣ್ಣು ಹೂವಿನ ಸೌತೆ ತಳಿ ಉಳಿಸ್ಕೊಳ್ಳೋಕೆ ಬೀಜದ ಕಂಪನಿಗಳು ಮಾಡೋದು ಇದನ್ನೇ, ಕೆನಡಾ ತರ ಕಾನೂನಲ್ಲಿ ಅನುಮತಿ ಇರೋ ಕಡೆ ಗಾಂಜಾ ಬೆಳೆಯೋರೂ ಒಳ್ಳೆ ಹೆಣ್ಣು ಗಿಡದ ಕಟಿಂಗ್ ಇಟ್ಕೊಂಡು ಇದೇ ದಾರೀಲಿ ಹೆಣ್ಣು ಬೀಜ ಮಾಡ್ತಾರೆ. ಹಂಗೆ ಮಾಡಿದ್ರೆ ಬಹುಪಾಲು ಹೆಣ್ಣೇ ಬರ್ಬೇಕು, ಅರ್ಧಕ್ಕರ್ಧ ಗಂಡು ಬರೋ ಮಾತೇ ಇಲ್ಲ. ನನ್ನ 55 ಬಳ್ಳೀಲಿ 31 ಗಂಡು 24 ಹೆಣ್ಣು, ಇದು ಮಾಮೂಲಿ ಗಂಡು ಹೆಣ್ಣು ಸೇರಿ ಕಟ್ಟಿದ ಬೀಜದ ಲೆಕ್ಕ. ಹಣ್ಣಾದ ಕಾಯಿಂದ ಬೀಜ ತೆಗ್ದು ಹುಟ್ಟಿಸಿ 85 ರೂಪಾಯಿಗೆ ಮಾರಿದ್ದೀರಿ. ವಿ.ಸಿ. ಫಾರಂ ಕೃಷಿ ವಿಜ್ಞಾನ ಕೇಂದ್ರಕ್ಕೂ ಹೂವು ಬೇರು ಎರಡೂ ತಗೊಂಡು ಹೋಗಿ ತೋರಿಸ್ದೆ, ಅವರೂ ಇದು ಬೀಜದ ಗಿಡ ಅಂದ್ರು.

ಬೀಜದ ಸಸಿ ಮಾರೋದು ತಪ್ಪು ಅಂತ ನಾನು ಹೇಳ್ತಿಲ್ಲ. ಬೀಜದ್ದು, ಅರ್ಧ ಗಂಡು ಬರಬಹುದು ಅಂತ ಬರ್ದು 20 ರೂಪಾಯಿಗೆ ಕೊಟ್ಟಿದ್ರೆ ನಾನು ಗುಂಡಿಗೆ ಮೂರು ಮೂರು ಹಾಕಿ ಹೂ ಬಂದ ಮೇಲೆ ಗಂಡು ಕಿತ್ತು ಹಾಕ್ತಿದ್ದೆ. ನಿಮ್ಮ ಮಾತು ನಂಬಿ ಗುಂಡಿಗೆ ಒಂದೇ ನೆಟ್ಟಿದ್ದಕ್ಕೆ ಅರ್ಧ ಚಪ್ಪರ ಬರೀ ಹೂವು ನೋಡ್ಕೊಂಡು ಹೋಯ್ತು, ನೀರು ಗೊಬ್ಬರ ಮಾತ್ರ ಎರಡಕ್ಕೂ ಒಂದೇ. ನಮ್ಮತ್ತೆ ಮಂಡಿ ನೋವಿಟ್ಕೊಂಡು ದಿನಾ ಆರು ಗಂಟೆಗೆ ಎದ್ದು ಬಂದಿದ್ದಾರೆ, ಅದನ್ನ ನೆನೆಸ್ಕೊಂಡ್ರೆ ನಂಗೆ ಈಗಲೂ ಸಂಕಟ ಆಗುತ್ತೆ.

ಲೆಕ್ಕ ಹೇಳ್ತೀನಿ. ಇದ್ದ 24 ಹೆಣ್ಣು ಬಳ್ಳೀಲಿ ಸೆಪ್ಟೆಂಬರ್ ಅಕ್ಟೋಬರಲ್ಲಿ 61 ಕೆಜಿ ಸಿಕ್ತು, ಮೈಸೂರಲ್ಲಿ ಕೆಜಿಗೆ 120ರ ಹಂಗೆ ಹೋಯ್ತು. 49 ಹೆಣ್ಣಿದ್ದಿದ್ರೆ ಇನ್ನೂ 63 ಕೆಜಿ ಬರ್ತಿತ್ತು, 7560 ರೂಪಾಯಿ. ಸಸಿ ಮತ್ತೆ ಕೊರಿಯರ್ ದುಡ್ಡು 5740. ಒಟ್ಟು 13,300. ಕೂಲಿ, ಗೊಬ್ಬರ ಯಾವುದೂ ಸೇರಿಸಿಲ್ಲ. ನೀವು ವಾಟ್ಸಾಪಲ್ಲಿ ಮುಂದಿನ ಆರ್ಡರಿಗೆ 10 ಪರ್ಸೆಂಟ್ ಕೂಪನ್ ಕಳ್ಸಿದ್ದೀರಿ, ಅದು ನಂಗೆ ಬೇಡ.

ಕೊನೇ ಸಲ ಮಾತಾಡಿದವರು ನೀವು ಮಾರೋಕೆ ಬೆಳ್ದಿದ್ದು, ಹಂಗಾಗಿ ನೀವು ಗ್ರಾಹಕರಲ್ಲ ಅಂದ್ರು. ಬೀಜ ಕೊಂಡ ರೈತರೂ ಗ್ರಾಹಕರೇ ಅಂತ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಕೇಸಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ, ನಿಮ್ಮ ವಕೀಲರನ್ನ ಕೇಳಿ ನೋಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರೋ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ರೆ ಫೀಸೂ ಇಲ್ಲ. ಈ ಪತ್ರ ಸಿಕ್ಕಿ 15 ದಿನದೊಳಗೆ 13,300 ರೂಪಾಯಿ ದುಡ್ಡು ಕಳ್ಸಿದ ನಂಬರಿಗೇ ವಾಪಸ್ ಹಾಕಿ, ಇಲ್ಲಾಂದ್ರೆ ಮಂಡ್ಯದಲ್ಲಿ ಕೇಸ್ ಹಾಕ್ತೀನಿ. ದಾರ ಕಟ್ಟಿದ ಬಳ್ಳಿಗಳನ್ನ ಕಿತ್ತಿಲ್ಲ, ಯಾರು ಬಂದು ನೋಡಿದ್ರೂ ತೋರಿಸ್ತೀನಿ.

ಇನ್ನೊಂದು, ಇದು ದುಡ್ಡಿಗಿಂತ ಮುಖ್ಯ. ಕ್ಯಾಟಲಾಗಲ್ಲಿ ಆ "ನೂರಕ್ಕೆ ನೂರು ಹೆಣ್ಣು" ಸಾಲು ಇವತ್ತಿಗೂ ಇದೆ, ಮೊದಲು ಅದನ್ನ ತೆಗೀರಿ. ನಮ್ಮ ಸ್ವಸಹಾಯ ಸಂಘದ ಇಬ್ಬರು ನನ್ನ ಚಪ್ಪರ ನೋಡಿ ನಿಮ್ಮ ಹತ್ರನೇ ತರ್ಸೋಕೆ ಹೊರಟಿದ್ರು, ನಾನೇ ತಡೆದೆ. ಅವರಿಗೆ ನನ್ನ 24 ಹೆಣ್ಣು ಬಳ್ಳಿಯ ಗಡ್ಡೆನೇ ಕೊಡ್ತೀನಿ, ಬಳ್ಳಿ ಒಣಗಿದ ಮೇಲೆ ಕಿತ್ತು ಮರಳಲ್ಲಿ ಇಡ್ತೀನಿ, ಮೇ ಮಳೆಗೆ ನೆಡ್ತೀವಿ.

ಇಂತಿ,
ಪಾಂಡವಪುರ ತಾಲೂಕಿನ ನಿಮ್ಮ ಗ್ರಾಹಕಿ
(ಆರ್ಡರ್ ಮಾಡಿದ ನಂಬರ್, ವಿಳಾಸ ನಿಮ್ಮ ಬಿಲ್ಲಲ್ಲೇ ಇದೆ)
ಲಗತ್ತು: ಬಿಲ್, ಪೇಮೆಂಟ್ ಸ್ಕ್ರೀನ್‌ಶಾಟ್, 55 ಬಳ್ಳಿ ಫೋಟೋ, ಬೀಜದ ಓಡಿನ ಫೋಟೋ, ಕಾಲ್ ರೆಕಾರ್ಡಿಂಗ್